ತಿರುಗಿಸುವ ಮುನ್ನ ಅಳೆಯಿರಿ: ಅಕೌಸ್ಟಿಕ್ ಗಿಟಾರಿನ ಟ್ರಸ್ ರಾಡ್ ಹೊಂದಿಸುವುದು ಹೇಗೆ

ತಂತಿಗಳು ತೀರಾ ಮೇಲಿವೆ, ಒತ್ತಿ ಒತ್ತಿ ಬೆರಳು ನೋಯುತ್ತಿದೆ ಎಂದು ಯಾರಾದರೂ ಹೇಳಿದ ಕೂಡಲೇ ಪಕ್ಕದಲ್ಲಿ ಕೂತವರು ಕೊಡುವ ಸಲಹೆ ಒಂದೇ: ‘ಟ್ರಸ್ ರಾಡ್ ಟೈಟ್ ಮಾಡು, ಸರಿಹೋಗುತ್ತೆ.’ ಈ ಸಲಹೆ ಕೇಳಿ ಸರಿಹೋದ ಗಿಟಾರುಗಳೂ ಇವೆ, ಕೆಟ್ಟು ಕೂತವೂ ಇವೆ. ಗಿಟಾರಿನ ಕತ್ತು, ಅಂದರೆ ನೆಕ್, ಎಷ್ಟು ಬಾಗಿರಬೇಕೋ ಅಷ್ಟೇ ಬಾಗಿರುವಂತೆ ನೋಡಿಕೊಳ್ಳುವುದಷ್ಟೇ ಅದರೊಳಗಿನ ಸರಳಾದ ಟ್ರಸ್ ರಾಡಿನ ಕೆಲಸ. ಅದನ್ನು ತಿರುಗಿಸಿದಾಗ ತಂತಿಯ ಎತ್ತರವೂ ಕೊಂಚ ಬದಲಾಗುತ್ತದೆ, ನಿಜ. ಆದರೆ ಎತ್ತರ ಇಳಿಸಲೆಂದೇ ಅದನ್ನು ತಿರುಗಿಸಲು ಹೊರಟರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ತಿರುಗಿಸುವುದಕ್ಕಿಂತ ಅಳೆಯುವುದರ ಬಗ್ಗೆಯೇ ಹೆಚ್ಚು ಮಾತಿದೆ.

ನೆಕ್ ಒಳಗಿನ ವ್ಯವಹಾರ

12-53 ಅಳತೆಯ (ಅತಿ ತೆಳು ತಂತಿ 0.012 ಇಂಚು, ಅತಿ ದಪ್ಪದ್ದು 0.053 ಇಂಚು) ಸಾಮಾನ್ಯ ಉಕ್ಕಿನ ತಂತಿ ಸೆಟ್ ಹಾಕಿ ಇ-ಎ-ಡಿ-ಜಿ-ಬಿ-ಇ ಶ್ರುತಿಗೆ ತಂದರೆ ಆರೂ ತಂತಿಗಳು ಸೇರಿ ಸುಮಾರು 74 ಕಿಲೋ ಭಾರದಷ್ಟು ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತವೆ. 13-56 ಹಾಕಿದರೆ ಅದು 80 ಕಿಲೋ ದಾಟುತ್ತದೆ. ಎರಡು ಸೆಂಟಿಮೀಟರಿನ ಆಸುಪಾಸು ದಪ್ಪದ ಮರದ ಪಟ್ಟಿ ಹಗಲೂ ರಾತ್ರಿ ಈ ಎಳೆತ ತಡೆಯಬೇಕು. ತಡೆಯುತ್ತದೆ, ಆದರೆ ಬಿಲ್ಲಿನ ಹಾಗೆ ತಂತಿಯ ಕಡೆಗೆ ಒಂದಿಷ್ಟು ಬಾಗುತ್ತದೆ. ಈ ಬಾಗನ್ನು ಗಿಟಾರಿನವರು ರಿಲೀಫ್ ಎನ್ನುತ್ತಾರೆ. ಇದು ದೋಷವಲ್ಲ, ಬೇಕಾದದ್ದೇ. ಮೀಟಿದ ತಂತಿ ತನ್ನ ಉದ್ದದ ನಡುಭಾಗದಲ್ಲಿ ಎಲ್ಲಕ್ಕಿಂತ ಅಗಲವಾಗಿ ಆಡುತ್ತದೆ. ಅದು ಆಡಲು ನೆಕ್ಕಿನ ನಡುವೆ ಕೂದಲೆಳೆಯಷ್ಟಾದರೂ ಹೆಚ್ಚಿನ ಜಾಗ ಇಲ್ಲದಿದ್ದರೆ ನೆಕ್ ಮೇಲೆ ಅಡ್ಡಲಾಗಿ ಕೂರಿಸಿದ, ತಲೆಯ ಕಡೆಯಿಂದ ಎಣಿಸುವ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತದೆ. ಬಾಗು ಹೆಚ್ಚಾದರೆ 5ರಿಂದ 9ನೇ ಫ್ರೆಟ್‌ವರೆಗೆ ಒತ್ತುವುದು ಕಷ್ಟ. ಬಾಗು ತಿರುಗುಮುರುಗಾಗಿ ನೆಕ್ಕಿನ ನಡುಭಾಗವೇ ಉಬ್ಬಿ ನಿಂತರೆ ಅದು ಬ್ಯಾಕ್ ಬೋ. ಆಗ ತಲೆಯ ಹತ್ತಿರದ ಫ್ರೆಟ್‌ಗಳಲ್ಲಿ ತಂತಿ ಸ್ವರವನ್ನೇ ಬಿಡುವುದಿಲ್ಲ.

ನೆಕ್ಕಿನೊಳಗೆ, ಫ್ರೆಟ್‌ಬೋರ್ಡಿನ ಕೆಳಗೆ ಹುದುಗಿಸಿದ ಉಕ್ಕಿನ ಸರಳೇ ಟ್ರಸ್ ರಾಡ್. ತಿರುಗಿಸಿ ಹೊಂದಿಸಬಲ್ಲ ಸರಳಿಗೆ ಪೇಟೆಂಟ್ ಪಡೆದವರು ಅಮೆರಿಕದ ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮ್ಯಾಕ್‌ಹ್ಯೂ. ಅರ್ಜಿ ಹಾಕಿದ್ದು 1921ರಲ್ಲಿ, ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಎಲ್ಲರೂ ಕೂಡಲೇ ಅದರ ಹಿಂದೆ ಹೋಗಲಿಲ್ಲ ಎನ್ನುವುದೂ ಗಮನಿಸಬೇಕಾದ ಸಂಗತಿ. ಮಾರ್ಟಿನ್ ಕಂಪನಿ ದಶಕಗಳ ಕಾಲ ನೆಕ್ಕಿಗೆ ಹೊಂದಿಸಲಾಗದ ಉಕ್ಕಿನ ಪಟ್ಟಿಯನ್ನೇ ಹಾಕುತ್ತಿತ್ತು. ಹೊಂದಿಸಬಹುದಾದ ರಾಡ್ ಅದರ ಗಿಟಾರುಗಳಿಗೆ ಬಂದದ್ದು 1985ರಲ್ಲಿ. ಹಳೆಯ ಮಾರ್ಟಿನ್ ಕೈಗೆ ಸಿಕ್ಕರೆ ತಿರುಪಿಗಾಗಿ ಟಾರ್ಚ್ ಹಿಡಿದು ಹುಡುಕಬೇಡಿ.

ಈಗಿನ ರಾಡುಗಳಲ್ಲಿ ಎರಡು ಬಗೆ. ಒಂದು ಬಗೆಯದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ: ಬಿಗಿ ಮಾಡಿದರೆ ತಂತಿಯ ಎಳೆತಕ್ಕೆ ಎದುರಾಗಿ ನೆಕ್ಕನ್ನು ಹಿಂದಕ್ಕೆ ಒತ್ತುತ್ತದೆ, ಸಡಿಲಿಸಿದರೆ ಸುಮ್ಮನಿರುತ್ತದೆ. ಇನ್ನೊಂದು ಬಗೆಯದು ಎರಡೂ ದಿಕ್ಕಿಗೆ ಬಾಗಿಸಬಲ್ಲದು. ಇದನ್ನು ಡ್ಯುಯಲ್ ಆಕ್ಷನ್ ಎನ್ನುತ್ತಾರೆ, ಈಚಿನ ಗಿಟಾರುಗಳಲ್ಲಿ ಇದು ಸಾಮಾನ್ಯ. ಎರಡಕ್ಕೂ ನಡುವೆ ಒಂದು ಗುರುತು ಹೇಳಬಹುದು. ಡ್ಯುಯಲ್ ಆಕ್ಷನ್ ರಾಡನ್ನು ಸಡಿಲಿಸುತ್ತಾ ಹೋದರೆ ಮಧ್ಯೆ ಒಂದು ಕಡೆ ಯಾವ ಹಿಡಿತವೂ ಇಲ್ಲದೆ ಹಗುರಾಗಿ ತಿರುಗುತ್ತದೆ, ಮತ್ತೆ ಮುಂದೆ ಹೋದರೆ ಇನ್ನೊಂದು ಬದಿಯಿಂದ ಬಿಗಿಯಾಗತೊಡಗುತ್ತದೆ. ಆ ಹಗುರ ಜಾಗ ಕಂಡು ‘ರಾಡ್ ಮುರಿದೇ ಹೋಯಿತು’ ಎಂದು ಗಾಬರಿಯಾಗುವವರಿದ್ದಾರೆ. ಮುರಿದಿರುವುದಿಲ್ಲ.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಾದರೆ ಎಳೆತ ಹೆಚ್ಚುಕಡಿಮೆ ಅರ್ಧ, ಬಹುಪಾಲು ಗಿಟಾರುಗಳಲ್ಲಿ ರಾಡೇ ಇರುವುದಿಲ್ಲ. ಅಂಥ ಗಿಟಾರಿಗೆ ಉಕ್ಕಿನ ತಂತಿ ಕಟ್ಟಬೇಡಿ. ನೆಕ್ಕೂ, ಪೆಟ್ಟಿಗೆಯ ಮೇಲೆ ತಂತಿ ಕಟ್ಟುವ ಬ್ರಿಡ್ಜೂ ಎರಡೂ ತಡೆಯುವುದಿಲ್ಲ.

ಮೊದಲನೆಯದು: ತಪ್ಪು ರಾಡಿನದೇ ಎಂದು ಖಚಿತ ಮಾಡಿಕೊಳ್ಳಿ

ಝರ್ ಎನ್ನುವ ಸದ್ದು ಎಲ್ಲಿಂದ ಬರುತ್ತಿದೆ ಎನ್ನುವುದೇ ಅರ್ಧ ಉತ್ತರ. ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್‌ನಲ್ಲಿ ಒತ್ತಿ, ಎಂದಿನ ಬಲದಲ್ಲಿ ಮೀಟುತ್ತಾ ಬನ್ನಿ.

1ರಿಂದ 5ನೇ ಫ್ರೆಟ್‌ವರೆಗೆ ಬಹುತೇಕ ಎಲ್ಲ ತಂತಿಗಳೂ ಝರ್ ಅಂದು, ಮೇಲೆ ಹೋದಂತೆ ಸರಿಹೋದರೆ ರಿಲೀಫ್ ಕಡಿಮೆಯಾಗಿದೆ ಅಥವಾ ಬ್ಯಾಕ್ ಬೋ ಇದೆ. ಇದು ರಾಡಿನ ಕೆಲಸ. ಒತ್ತದೆ ಖಾಲಿ ಮೀಟಿದಾಗ ಮಾತ್ರ ಒಂದೆರಡು ತಂತಿ ಝರ್ ಅಂದರೆ, ತಲೆಭಾಗದಲ್ಲಿ ತಂತಿ ಕೂರುವ ನಟ್‌ನ ಗೀರು ಸವೆದು ಆಳವಾಗಿದೆ ಎಂದರ್ಥ. ರಾಡ್ ಎಷ್ಟು ತಿರುಗಿಸಿದರೂ ಅದು ಹೋಗದು. ಒಂದೇ ಒಂದು ಫ್ರೆಟ್‌ನಲ್ಲಿ ಸದ್ದು ಬಂದರೆ ಅದರ ಮುಂದಿನ ಫ್ರೆಟ್ ಪಟ್ಟಿ ತುಸು ಎದ್ದಿದೆ. 12ನೇ ಫ್ರೆಟ್‌ನಿಂದ ಮೇಲೆ ಮಾತ್ರ ಸದ್ದಿದ್ದರೆ ಬ್ರಿಡ್ಜಿನ ಮೇಲೆ ತಂತಿ ಕೂರುವ ಬಿಳಿ ಪಟ್ಟಿ, ಅಂದರೆ ಸ್ಯಾಡಲ್, ತೀರಾ ತಗ್ಗಿದೆ ಅಥವಾ ಪೆಟ್ಟಿಗೆಯ ಮೇಲಿನ ಫ್ರೆಟ್‌ಬೋರ್ಡ್ ಭಾಗ ಎದ್ದಿದೆ. ನೆಕ್ ಪೆಟ್ಟಿಗೆಗೆ ಕೂಡುವ ಜಾಗ ದಾಟಿದ ಮೇಲೆ ರಾಡಿನ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅಲ್ಲಿನ ದೂರನ್ನು ರಾಡಿಗೆ ಕೊಂಡೊಯ್ಯುವಂತಿಲ್ಲ.

ಮೊದಲ ಫ್ರೆಟ್‌ನಲ್ಲಿ ಎಫ್ ಕಾರ್ಡ್ ಹಿಡಿಯುವಾಗ ಮಾತ್ರ ಪ್ರಾಣ ಹೋಗುತ್ತದೆ, ಮೇಲೆಲ್ಲ ಹಗುರ ಎನ್ನುವವರು ನಟ್ ಕಡೆ ನೋಡಿ. ತಂತಿಯನ್ನು 2 ಮತ್ತು 3ನೇ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ತಂತಿಗೆ ಎಷ್ಟು ಸಂದಿದೆ ನೋಡಬೇಕು. ಕಂಡೂ ಕಾಣದಷ್ಟಿರಬೇಕು. ಢಾಳಾಗಿ ಕಾಣುವಷ್ಟಿದ್ದರೆ ಗೀರು ಎತ್ತರದಲ್ಲಿದೆ. ಕಡಿಮೆ ಬೆಲೆಯ ಹೊಸ ಗಿಟಾರುಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಇದ್ದವು, ಬೈಗುಳ ತಿಂದದ್ದು ಮಾತ್ರ ಟ್ರಸ್ ರಾಡ್.

ತಂತಿ ಹಳತಾಗಿ ತುಕ್ಕು ಹಿಡಿದಿದ್ದರೆ ಇದೆಲ್ಲಕ್ಕೂ ಮೊದಲು ಹೊಸ ಸೆಟ್ ಹಾಕಿ. ಅದೂ ನೀವು ಮುಂದೆಯೂ ಬಳಸಲಿರುವ ಅಳತೆಯದನ್ನೇ. ಈಗ 11ರ ಸೆಟ್‌ಗೆ ಹೊಂದಿಸಿ ಮುಂದಿನ ತಿಂಗಳು 12ಕ್ಕೆ ಹೋದರೆ ಮತ್ತೆ ಮೊದಲಿನಿಂದ ಶುರು.

ಏನೇನು ಬೇಕು

ಕ್ಯಾಪೊ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್), ಟ್ಯೂನರ್, ಅರ್ಧ ಮಿ.ಮೀ. ಗುರುತಿರುವ ಉಕ್ಕಿನ ಸ್ಕೇಲ್, ಸರಿಯಾದ ಕೀ, ಮತ್ತು ಫೀಲರ್ ಗೇಜ್. ಕೊನೆಯದು ಗಿಟಾರ್ ಅಂಗಡಿಯಲ್ಲೇ ಸಿಗಬೇಕೆಂದಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಂದಿ ನೋಡಲು ಬಳಸುವ ತೆಳು ಉಕ್ಕಿನ ಎಲೆಗಳ ಕಟ್ಟೇ ಇದು. ಅವರ ಬಾಯಲ್ಲಿ ಅದು ಫಿಲ್ಲರ್ ಗೇಜ್. ಬೆಂಗಳೂರಿನವರು ಜೆ.ಸಿ. ರಸ್ತೆಯ ಆಟೊಮೊಬೈಲ್ ಅಂಗಡಿಗಳಲ್ಲೋ ಎಸ್.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲೋ ಕೇಳಬಹುದು, ಬೇರೆ ಊರಲ್ಲಾದರೆ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. 0.10, 0.15, 0.20, 0.25 ಮಿ.ಮೀ. ಎಲೆಗಳು ಅದರಲ್ಲಿವೆಯೇ ಎಂದು ನೋಡಿ ತನ್ನಿ.

ಅದೂ ಇಲ್ಲದಿದ್ದರೆ ಪ್ರಿಂಟರ್‌ಗೆ ಹಾಕುವ ಎ4 ಹಾಳೆ ಸಾಕು. ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ., ಮಡಿಸಿದರೆ 0.2. ಇನ್ನೊಂದು ಉಪಾಯ: 10ರ ಸೆಟ್‌ನ ತೆಳು ಇ ತಂತಿಯ ತುಂಡು. ಅದರ ದಪ್ಪ 0.25 ಮಿ.ಮೀ. ತಂತಿ ಕಟ್ಟಿದ ಮೇಲೆ ಕತ್ತರಿಸಿ ಎಸೆಯುವ ತುದಿಯನ್ನೇ ಇಟ್ಟುಕೊಳ್ಳಿ. ಬ್ಯಾಂಕಿನ ಕಾರ್ಡನ್ನು ತೂರಿಸಿ ನೋಡುವವರಿದ್ದಾರೆ. ಅದರ ದಪ್ಪ 0.76 ಮಿ.ಮೀ., ಈ ಕೆಲಸಕ್ಕೆ ತೀರಾ ದಪ್ಪ. ಅದು ಸಲೀಸಾಗಿ ತೂರಿದರೆ ಮಾತ್ರ ನೆಕ್ ವಿಪರೀತ ಬಾಗಿದೆ ಎಂದು ತಿಳಿಯಬಹುದು.

ಕೀ ವಿಷಯದಲ್ಲಿ ಜಿಪುಣತನ ಬೇಡ, ಅಂದಾಜೂ ಬೇಡ. ರಾಡಿನ ತಿರುಪು ಕೆಲವು ಗಿಟಾರುಗಳಲ್ಲಿ ತಲೆಭಾಗದ ಚಿಕ್ಕ ಪ್ಲಾಸ್ಟಿಕ್ ಮುಚ್ಚಳದ ಕೆಳಗಿರುತ್ತದೆ, ಇನ್ನು ಕೆಲವದರಲ್ಲಿ ಸೌಂಡ್‌ಹೋಲ್ ಒಳಗೆ, ನೆಕ್ಕಿನ ಬುಡದಲ್ಲಿ. ಮಾರ್ಟಿನ್‌ಗೆ 5 ಮಿ.ಮೀ. ಅಲೆನ್ ಕೀ, ಅದೂ ಉದ್ದದ್ದು, ಏಕೆಂದರೆ ತಿರುಪು ಒಳಗಿನ ಅಡ್ಡಪಟ್ಟಿಯ ಆಚೆ ಹುದುಗಿರುತ್ತದೆ. ಗಿಬ್ಸನ್‌ಗೆ ತಲೆಭಾಗದಲ್ಲಿ 5/16 ಇಂಚಿನ ಸಾಕೆಟ್, ಟೇಲರ್‌ಗೆ 1/4 ಇಂಚಿನದು. ನಮ್ಮಲ್ಲಿ ಹೆಚ್ಚಾಗಿ ಸಿಗುವ ಏಷ್ಯಾದ ಗಿಟಾರುಗಳಲ್ಲಿ 4 ಅಥವಾ 5 ಮಿ.ಮೀ. ಅಲೆನ್ ಕೀ ಕೂರುವ ಸಾಧ್ಯತೆ ಹೆಚ್ಚು. ಗಿಟಾರಿನ ಜೊತೆ ಕೀ ಬಂದಿದ್ದರೆ ಅದನ್ನೇ ಹುಡುಕಿ ತೆಗೆಯಿರಿ. ಇಂಚಿನ ಕೀ ಮತ್ತು ಮಿಲಿಮೀಟರ್ ಕೀ ಬೆರೆಸುವುದು ಇಲ್ಲಿನ ದೊಡ್ಡ ಅಪಾಯ: 3/16 ಇಂಚು ಎಂದರೆ 4.76 ಮಿ.ಮೀ., 5ರ ಗುಳಿಗೆ ಹೋಗುತ್ತದೆ, ಕೂತಂತೆಯೂ ಅನ್ನಿಸುತ್ತದೆ, ಬಲ ಹಾಕಿದಾಗ ಜಾರಿ ಗುಳಿಯ ಮೂಲೆಗಳನ್ನು ಉರುಟು ಮಾಡುತ್ತದೆ. 1/8 ಇಂಚಿನ ಗುಳಿಗೆ 3 ಮಿ.ಮೀ. ಕೀ ಹಾಕಿದರೂ ಅದೇ ಕಥೆ. ಮೂಲೆ ಸವೆದ ತಿರುಪನ್ನು ಸೌಂಡ್‌ಹೋಲ್ ಒಳಗಿಂದ ಬಿಚ್ಚುವುದು ಎಂಥ ಕೆಲಸ ಎಂದು ರಿಪೇರಿಯವರನ್ನು ಕೇಳಿ ನೋಡಿ.

ಅಳತೆ

ಶ್ರುತಿ ಮೊದಲು. ನೀವು ಎಂದೂ ನುಡಿಸುವ ಶ್ರುತಿಯಲ್ಲೇ ಅಳೆಯಬೇಕು. ಹಾಡುವವರಿಗೆ ಅನುಕೂಲವಾಗಲೆಂದು ಅರ್ಧ ಸ್ವರ ಇಳಿಸಿ ನುಡಿಸುವ ಅಭ್ಯಾಸವಿದ್ದರೆ ಹಾಗೇ ಇಳಿಸಿ ಅಳೆಯಿರಿ, ಏಕೆಂದರೆ ಎಳೆತ ಕಡಿಮೆಯಾದರೆ ಬಾಗೂ ಕಡಿಮೆಯಾಗುತ್ತದೆ. ಗಿಟಾರನ್ನು ನುಡಿಸುವ ಭಂಗಿಯಲ್ಲಿ ತೊಡೆಯ ಮೇಲಿಟ್ಟುಕೊಳ್ಳಿ. ಮೇಜಿನ ಮೇಲೆ ಮಲಗಿಸಿ ತಲೆಗೆ ಆಧಾರ ಕೊಟ್ಟರೆ ನೆಕ್ಕಿನ ತೂಕವೇ ಅಳತೆಯನ್ನು ಅಲ್ಲಾಡಿಸುತ್ತದೆ. ನಾವು ಹುಡುಕುತ್ತಿರುವುದು ಒಂದು ಹಾಳೆಯ ದಪ್ಪವನ್ನು, ಅಷ್ಟು ವ್ಯತ್ಯಾಸಕ್ಕೂ ಬೆಲೆ ಇದೆ.

ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿ. ನೆಕ್ ಪೆಟ್ಟಿಗೆಗೆ ಕೂಡುವ ಫ್ರೆಟ್‌ನಲ್ಲಿ, ಅಂದರೆ ಬಹುತೇಕ ಗಿಟಾರುಗಳಲ್ಲಿ 14ನೆಯದರಲ್ಲಿ, ಬಲಗೈಯಿಂದ ದಪ್ಪ ಇ ತಂತಿಯನ್ನು ಒತ್ತಿ ಹಿಡಿಯಿರಿ. ಈಗ ತಂತಿ ಎರಡು ತುದಿಗೆ ಬಿಗಿದ ನೇರ ಗೆರೆ, ಅದೇ ನಮ್ಮ ಅಳತೆಪಟ್ಟಿ. ಅದರ ನಡುವೆ, 7ನೇ ಫ್ರೆಟ್‌ನ ನೆತ್ತಿಗೂ ತಂತಿಯ ತಳಕ್ಕೂ ಇರುವ ಸಂದಿಯೇ ರಿಲೀಫ್. ಎಡಗೈಯಿಂದ ಫೀಲರ್ ಎಲೆ ತೂರಿಸಿ. ತಂತಿಯನ್ನು ಮೇಲೆತ್ತದೆ, ಎರಡಕ್ಕೂ ಸವರಿಕೊಂಡು ಹೋಗುವ ಎಲೆಯ ಅಂಕಿ ಬರೆದಿಟ್ಟುಕೊಳ್ಳಿ. ತೆಳು ಇ ತಂತಿಯಲ್ಲೂ ಹಾಗೇ ಮಾಡಿ. ಎರಡು ಬದಿಗೂ ತುಂಬ ವ್ಯತ್ಯಾಸ ಇದ್ದರೆ ನೆಕ್ ತಿರುಚಿಕೊಂಡಿದೆ, ಅದನ್ನು ಒಂಟಿ ರಾಡ್ ಸರಿಮಾಡಲಾರದು.

ಎಲೆಯೂ ಹಾಳೆಯೂ ಕೈಯಲ್ಲಿಲ್ಲದಾಗ ಬೆರಳಿಂದ 7ನೇ ಫ್ರೆಟ್ ಮೇಲೆ ತಂತಿಯನ್ನು ತಟ್ಟಿ. ಟಿಕ್ ಎಂಬ ಸಣ್ಣ ಸದ್ದು ಬಂದು ತಂತಿ ತುಸುವೇ ಅಲ್ಲಾಡಿದರೆ ಸರಿಯಾಗಿದೆ. ಅಲುಗದೆ ಅಂಟಿಕೊಂಡಿದ್ದರೆ ಸಂದಿ ಸೊನ್ನೆ ಅಥವಾ ಬ್ಯಾಕ್ ಬೋ. ಇಷ್ಟು ರೂಢಿಯಾದವರು ಎಲೆಯನ್ನು ಮುಟ್ಟದೆಯೇ ಹೇಳಿಬಿಡುತ್ತಾರೆ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನ ಉದ್ದಕ್ಕೆ ನೋಡುವ ರೀತಿಯೂ ಇದೆ. ಅದರಿಂದ ತಿರುಚು ಗೊತ್ತಾಗುತ್ತದೆ, 0.1 ಮಿ.ಮೀ. ಗೊತ್ತಾಗುವುದಿಲ್ಲ.

ಎಷ್ಟಿರಬೇಕು? ಉಕ್ಕಿನ ತಂತಿಯ ಅಕೌಸ್ಟಿಕ್‌ಗೆ 0.10ರಿಂದ 0.25 ಮಿ.ಮೀ. ಒಳಗೆ ಎಲ್ಲಿದ್ದರೂ ನಡೆಯುತ್ತದೆ. ಬೆರಳಿಂದ ಮೆಲ್ಲಗೆ ಮೀಟುವವರು 0.10ರ ಕಡೆಗೆ, ಪಿಕ್ ಹಿಡಿದು ಇಡೀ ಸಂಜೆ ಜೋರಾಗಿ ಸ್ಟ್ರಮ್ ಮಾಡುವವರು 0.25ರ ಕಡೆಗೆ ಹೋಗಬಹುದು. ನನ್ನ ಕೈಗೆ ಹೊಂದುವುದು 0.15. ನಿಮ್ಮ ಅಳತೆ ಈ ಗಡಿಯೊಳಗಿದ್ದು ಸದ್ದೂ ಇಲ್ಲ, ನೋವೂ ಇಲ್ಲವೆಂದರೆ ಕೀಯನ್ನು ಡಬ್ಬಿಗೆ ಹಾಕಿ ಗಿಟಾರ್ ನುಡಿಸಿ. ಸದ್ದು ಇಲ್ಲದೆ ನೋವು ಮಾತ್ರ ಇದ್ದರೆ ಕೆಳಗಿನ ‘ಎತ್ತರದ ಲೆಕ್ಕ’ಕ್ಕೆ ನೇರ ಹೋಗಬಹುದು.

ಯಾವ ಕಡೆಗೆ ತಿರುಗಿಸುವುದು

ಇಲ್ಲೇ ಎಲ್ಲರಿಗೂ ಗೊಂದಲ. ತಿರುಪಿನ ಮುಖವನ್ನು ಎದುರಿಗಿಟ್ಟು ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿ, ನೆಕ್ ಹಿಂದಕ್ಕೆ ಹೋಗುತ್ತದೆ, ರಿಲೀಫ್ ಕಡಿಮೆಯಾಗುತ್ತದೆ. ಎದುರು ದಿಕ್ಕಿಗೆ ತಿರುಗಿಸಿದರೆ ಸಡಿಲ, ರಿಲೀಫ್ ಹೆಚ್ಚುತ್ತದೆ. ಓದಲು ಸರಳ. ಆದರೆ ಸೌಂಡ್‌ಹೋಲ್ ಒಳಗೆ ಕೈ ತೂರಿಸಿ ಕಾಣದ ತಿರುಪನ್ನು ಹಿಡಿದಾಗ ಗಡಿಯಾರ ಯಾವ ಕಡೆಗಿದೆ ಎನ್ನುವುದೇ ಮರೆತುಹೋಗುತ್ತದೆ. ಹಾಗಾಗಿ ತಂತಿಯನ್ನೇ ಗುರುತಾಗಿಟ್ಟುಕೊಳ್ಳಿ.

ಗಿಟಾರನ್ನು ಮುಖ ಮೇಲಾಗಿ ಮಲಗಿಸಿ. ತಿರುಪು ಸೌಂಡ್‌ಹೋಲಿನಲ್ಲಿದ್ದು, ಎಲ್ ಆಕಾರದ ಕೀಯ ಹಿಡಿ ಮೇಲಕ್ಕೆ ನಿಂತಿದ್ದರೆ, ಆ ಹಿಡಿಯನ್ನು ತೆಳು ಇ ತಂತಿಯ ಕಡೆಗೆ ತಳ್ಳಿದರೆ ಬಿಗಿಯಾಗುತ್ತದೆ, ದಪ್ಪ ಇ ತಂತಿಯ ಕಡೆಗೆ ಎಳೆದರೆ ಸಡಿಲವಾಗುತ್ತದೆ. ತಿರುಪು ತಲೆಭಾಗದಲ್ಲಿದ್ದರೆ ಇದು ತಿರುವುಮುರುವು: ದಪ್ಪ ತಂತಿಯ ಕಡೆಗೆ ಬಿಗಿ, ತೆಳು ತಂತಿಯ ಕಡೆಗೆ ಸಡಿಲ. ಎಡಗೈಯವರಿಗೆಂದು ತಂತಿ ಅದಲುಬದಲು ಮಾಡಿದ ಗಿಟಾರಾದರೆ ಎರಡೂ ಮಾತು ಮತ್ತೆ ಮಗುಚುತ್ತವೆ.

ತಿರುಗಿಸುವುದು

ತಲೆಭಾಗದ ತಿರುಪಾದರೆ ಮುಚ್ಚಳದ ಸಣ್ಣ ಸ್ಕ್ರೂಗಳನ್ನು ಬಿಚ್ಚಿ ಬಟ್ಟಲಿಗೆ ಹಾಕಿಡಿ. ಅವು ಉರುಳಿ ಹೋದರೆ ಸಿಗುವುದಿಲ್ಲ. ಸೌಂಡ್‌ಹೋಲಿನದಾದರೆ ನಡುವಿನ ಡಿ ಮತ್ತು ಜಿ ತಂತಿಗಳನ್ನು ಸಡಿಲಿಸಿ ಅಕ್ಕಪಕ್ಕಕ್ಕೆ ಸರಿಸಿ ಕೈಗೆ ದಾರಿ ಮಾಡಿಕೊಳ್ಳಿ. ಒಳಗೆ ಎರಡು ಗುಳಿ ಕಂಡರೆ ನಿಲ್ಲಿ. ಕೆಲವು ಗಿಟಾರುಗಳಲ್ಲಿ ನೆಕ್ಕನ್ನು ಪೆಟ್ಟಿಗೆಗೆ ಹಿಡಿದಿಡುವ ಬೋಲ್ಟೂ ಅಲ್ಲೇ ಇರುತ್ತದೆ. ರಾಡಿನ ತಿರುಪು ಫ್ರೆಟ್‌ಬೋರ್ಡಿನ ತಳಕ್ಕೆ ಹತ್ತಿಕೊಂಡಂತೆ, ಮೇಲ್ಭಾಗದಲ್ಲಿರುತ್ತದೆ. ಕೆಳಗಿರುವುದು ನೆಕ್ ಬೋಲ್ಟ್, ಅದರ ತಂಟೆ ಬೇಡ. ಫೋನಿನ ಕ್ಯಾಮೆರಾವನ್ನು ಸೌಂಡ್‌ಹೋಲಿಗೆ ಹಿಡಿದು ಒಂದು ಫೋಟೊ ತೆಗೆದರೆ ಸಂಶಯ ಪರಿಹಾರ.

ಕೀ ಪೂರ್ತಿ ಒಳಗೆ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿ. ಈಗಿರುವ ಸ್ಥಾನವನ್ನು ಪೆನ್ಸಿಲಿನಿಂದಲೋ ಟೇಪಿನ ಚೂರಿನಿಂದಲೋ ಗುರುತಿಸಿಕೊಳ್ಳಿ, ಏನೇ ಆದರೂ ಹೊರಟ ಜಾಗಕ್ಕೆ ವಾಪಸ್ ಬರಬಹುದು. ಬಿಗಿ ಮಾಡಬೇಕಿದ್ದರೂ ಮೊದಲು ಕೂದಲೆಳೆಯಷ್ಟು ಸಡಿಲಿಸುವುದು ನನ್ನ ಪದ್ಧತಿ. ವರ್ಷಗಟ್ಟಲೆ ಮುಟ್ಟದ ತಿರುಪು ಜಾಮ್ ಆಗಿದೆಯೋ, ಮೊದಲೇ ಕೊನೆಯವರೆಗೆ ಬಿಗಿದುಬಿಟ್ಟಿದ್ದಾರೋ ಎನ್ನುವುದು ಕೈಗೆ ತಿಳಿಯುತ್ತದೆ.

ಬಿಗಿ ಮಾಡುವಾಗ ಎಲ್ಲ ತಂತಿಗಳನ್ನೂ ಒಂದೆರಡು ಸ್ವರ ಇಳಿಸಿಕೊಂಡರೆ ರಾಡಿನ ತಿರುಪಿನ ಎಳೆಗಳ (ಥ್ರೆಡ್) ಮೇಲೆ ಒತ್ತಡ ಕಡಿಮೆ. ಪೂರ್ಣ ಶ್ರುತಿಯಲ್ಲೇ ತಿರುಗಿಸುವವರೂ ಇದ್ದಾರೆ, ಸಣ್ಣ ತಿರುವಿಗೆ ಅದರಿಂದ ತೊಂದರೆಯಿಲ್ಲ. ಆದರೆ ಅಂಗಡಿಯ ಅನುಭವ ಇಲ್ಲದವರಿಗೆ ಮೊದಲಿನದೇ ಒಳ್ಳೆಯದು. ಒಂದು ಬಾರಿಗೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ಅಷ್ಟಕ್ಕೆ ಕೈ ತೆಗೆದು ಮತ್ತೆ ಶ್ರುತಿ ಮಾಡಿ, ಮತ್ತೆ ಕ್ಯಾಪೊ, ಮತ್ತೆ ಫೀಲರ್ ಎಲೆ. ಬೇಸರದ ಕೆಲಸ ಹೌದು. ಕಾಲು ಸುತ್ತಿಗೆ ಒಂದು ಗಿಟಾರ್ 0.05 ಬದಲಾದರೆ ಇನ್ನೊಂದು ಅದರ ಮೂರು ಪಟ್ಟು ಬದಲಾಗಬಹುದು, ನಿಮ್ಮದು ಎಂಥದು ಎಂದು ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಬಹುಪಾಲು ಗಿಟಾರುಗಳಿಗೆ ಒಟ್ಟು ಅರ್ಧ ಸುತ್ತಿನೊಳಗೆ ಕೆಲಸ ಮುಗಿಯುತ್ತದೆ. ಒಂದು ಪೂರ್ತಿ ಸುತ್ತು ಹೋದ ಮೇಲೂ ಅಳತೆ ಕದಲದಿದ್ದರೆ ಬೇರೇನೋ ಆಗಿದೆ, ಮುಂದುವರಿಸಬೇಡಿ.

ಬೇಕಾದ ಅಂಕಿಯ ಹತ್ತಿರ ಬಂದಾಗ ಒಂದು ರಾತ್ರಿ ಬಿಡಿ. ಮರ ಕೂಡಲೇ ಪೂರ್ತಿ ಜಾಗಕ್ಕೆ ಬರುವುದಿಲ್ಲ. ಬೆಳಿಗ್ಗೆ ಅಳೆದಾಗ 0.20 ಇದ್ದದ್ದು 0.15 ಆಗಿರುವುದೂ ಉಂಟು. ಆ ಸಂಜೆಯೇ ಇನ್ನೊಂದು ತಿರುವು ಹಾಕಿದ್ದರೆ ಸೊನ್ನೆಗೆ ಹೋಗಿ ಕೂರುತ್ತಿತ್ತು.

ತಿರುಗಿಸುವಾಗ ಮರ ಒಂದು ಸಲ ಕಿರ್ ಅಂದರೆ ಹೆದರಬೇಕಿಲ್ಲ, ತಿರುಪಿನ ಎಳೆಗಳು ಒಣಗಿದಾಗ ಹಾಗಾಗುತ್ತದೆ. ಕೀ ಬಾಗುವಷ್ಟು ಬಲ ಬೇಕಾದರೆ, ಟಕ್ ಎಂದು ಒಮ್ಮೆಲೇ ಸಡಿಲವಾದರೆ, ಅಥವಾ ಎಷ್ಟು ತಿರುಗಿಸಿದರೂ ಹಿಡಿತವೇ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಒಳಗೆ ರಾಡ್ ಮುರಿದರೆ ಫ್ರೆಟ್‌ಬೋರ್ಡನ್ನು ಬಿಸಿ ಮಾಡಿ ಎಬ್ಬಿಸಿ ಹೊಸದು ಹಾಕಬೇಕಾಗುತ್ತದೆ. ಆ ಕೆಲಸದ ಕೂಲಿ ಎಷ್ಟೋ ಗಿಟಾರುಗಳ ಬೆಲೆಗಿಂತ ಹೆಚ್ಚು.

ಎತ್ತರದ ಲೆಕ್ಕ

ರಿಲೀಫ್ ಸರಿಯಾದ ಮೇಲೆಯೇ ತಂತಿಯ ಎತ್ತರ ನೋಡಬೇಕು, ಮೊದಲಲ್ಲ. ಕ್ಯಾಪೊ ತೆಗೆದು, ಯಾವ ತಂತಿಯನ್ನೂ ಒತ್ತದೆ, 12ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ತಳಕ್ಕೆ ಸ್ಕೇಲ್ ಹಿಡಿಯಿರಿ. ದಪ್ಪ ಇ ತಂತಿಗೆ 2.4 ಮಿ.ಮೀ. ಸುಮಾರು, ತೆಳು ಇ ತಂತಿಗೆ 1.6ರಿಂದ 2 ಮಿ.ಮೀ. ಇದ್ದರೆ ಹೆಚ್ಚಿನವರಿಗೆ ಹಿತ.

ರಿಲೀಫ್ 0.1 ಮಿ.ಮೀ. ಇಳಿದಾಗ ಈ ಎತ್ತರ ಇಳಿಯುವುದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮಾತ್ರ. 12ನೇ ಫ್ರೆಟ್‌ನಲ್ಲಿ 3.5 ಮಿ.ಮೀ. ಇರುವ ಗಿಟಾರನ್ನು ರಾಡಿನಿಂದಲೇ 2.4ಕ್ಕೆ ತರಲು ಹೊರಟರೆ ಏನಾಗುತ್ತದೆ ಎನ್ನುವುದು ಈಗ ಸ್ಪಷ್ಟ: ಅಲ್ಲಿಗೆ ಮುಟ್ಟುವ ಮೊದಲೇ ನೆಕ್ ನೇರವಾಗಿ, ಹಿಂದಕ್ಕೆ ಬಾಗಿ, ಕೆಳಗಿನ ಫ್ರೆಟ್‌ಗಳೆಲ್ಲ ಝರ್ ಅನ್ನತೊಡಗಿರುತ್ತವೆ.

ಉಳಿದದ್ದು ಸ್ಯಾಡಲ್‌ನ ಕೆಲಸ. ಬ್ರಿಡ್ಜಿನ ಮೇಲಿನ ಆ ಬಿಳಿ ಪಟ್ಟಿಯನ್ನು ತಳದಿಂದ ಎಷ್ಟು ತೇಯುತ್ತೀರೋ ಅದರ ಅರ್ಧದಷ್ಟು 12ನೇ ಫ್ರೆಟ್‌ನಲ್ಲಿ ಇಳಿಯುತ್ತದೆ. 3.0ನ್ನು 2.4 ಮಾಡಲು 0.6 ಇಳಿಯಬೇಕು, ಅಂದರೆ ಸ್ಯಾಡಲ್‌ನ ತಳದಿಂದ 1.2 ಮಿ.ಮೀ. ತೇಯಬೇಕು. ತಂತಿ ಬಿಚ್ಚಿ, ಸ್ಯಾಡಲ್ ಹೊರತೆಗೆದು, ಅದರ ಮೈಮೇಲೆ ಪೆನ್ಸಿಲ್ ಗೆರೆ ಎಳೆದುಕೊಂಡು, ಗಾಜಿನ ಮೇಲೆ ಅಂಟಿಸಿದ ಮರಳುಕಾಗದದಲ್ಲಿ ನೆಟ್ಟಗೆ ಹಿಡಿದು ಉಜ್ಜಿ. ತಳ ಓರೆಯಾದರೆ ನಾದ ಮಂಕಾಗುತ್ತದೆ, ಪಿಕಪ್ ಇರುವ ಗಿಟಾರಾದರೆ ತಂತಿ ತಂತಿಗೂ ಸದ್ದಿನ ಮಟ್ಟ ಬೇರೆಯಾಗುತ್ತದೆ. ಹೊಸ ಸ್ಯಾಡಲ್ ಒಂದನ್ನು ತಂದು ಅದನ್ನೇ ತೇದು, ಹಳೆಯದನ್ನು ಹಾಗೇ ಇಟ್ಟುಕೊಳ್ಳುವುದು ಜಾಣತನ. ತೇದದ್ದನ್ನು ಮತ್ತೆ ಬೆಳೆಸಲಾಗದು.

ಸ್ಯಾಡಲ್ ಆಗಲೇ ಬ್ರಿಡ್ಜಿನ ಮಟ್ಟಕ್ಕೆ ಇಳಿದಿದ್ದರೂ ತಂತಿ ಮೇಲೇ ಇದೆಯೇ? ಉದ್ದದ ನೇರ ಪಟ್ಟಿಯೊಂದನ್ನು ಫ್ರೆಟ್‌ಗಳ ಮೇಲಿಟ್ಟು ಬ್ರಿಡ್ಜಿನವರೆಗೆ ಚಾಚಿ ನೋಡಿ. ಪಟ್ಟಿಯ ತುದಿ ಬ್ರಿಡ್ಜಿನ ನೆತ್ತಿಯನ್ನು ಸವರಿದರೆ ಸರಿ. ನೆತ್ತಿಗಿಂತ ಚೆನ್ನಾಗಿ ಕೆಳಗೆ ಹೋಗಿ ಬ್ರಿಡ್ಜಿನ ಎದೆಗೆ ಬಡಿದರೆ ನೆಕ್ಕಿನ ಕೋನವೇ ಮುಂದಕ್ಕೆ ವಾಲಿದೆ. ಇದಕ್ಕೆ ನೆಕ್ ಬಿಡಿಸಿ ಮತ್ತೆ ಕೂರಿಸಬೇಕು. ಮನೆಯ ಕೆಲಸವಲ್ಲ.

ಹವೆಯ ಆಟ

ಹೊಂದಿಸಿದ ನೆಕ್ ತಿಂಗಳ ನಂತರ ಬೇರೆ ಅಳತೆ ತೋರಿಸಿದರೆ ಆಶ್ಚರ್ಯವಿಲ್ಲ. ಮರ ಗಾಳಿಯ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಗಿಟಾರಿಗೆ ಹಿತವಾದ ಆರ್ದ್ರತೆ 45ರಿಂದ 55 ಶೇಕಡಾ. ಆಷಾಢದ ಮಂಗಳೂರು, ಉಡುಪಿ, ಕಾರವಾರ ಅದನ್ನು ಎಷ್ಟೋ ಮೀರಿರುತ್ತವೆ. ಏಪ್ರಿಲ್ ಮಧ್ಯಾಹ್ನದ ಕಲಬುರಗಿ, ರಾಯಚೂರು ಅದರ ತಳಕ್ಕೂ ಮುಟ್ಟುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಮಾರ್ಚ್‌ನ ಒಣಗಾಳಿಗೂ ಜುಲೈನ ಜಡಿಮಳೆಗೂ ನಡುವೆ ಒಂದೇ ಗಿಟಾರ್ ಎರಡು ಗಿಟಾರಿನಂತೆ ವರ್ತಿಸುತ್ತದೆ. ತೇವ ಹೆಚ್ಚಾದಾಗ ಪೆಟ್ಟಿಗೆಯ ಮೇಲ್ಹಲಗೆ ಬ್ರಿಡ್ಜಿನ ಹಿಂದೆ ಉಬ್ಬಿ ತಂತಿಯನ್ನು ಮೇಲೆತ್ತುತ್ತದೆ. ಆಗ ಏರಿದ ಎತ್ತರಕ್ಕೆ ನೆಕ್ಕೇ ಕಾರಣ ಎಂದುಕೊಂಡು ರಾಡ್ ಬಿಗಿದರೆ ಮಳೆ ನಿಂತ ಮೇಲೆ ಗಿಟಾರ್ ಝರ್ ಅನ್ನುತ್ತದೆ. ಒಣಹವೆಯಲ್ಲಿ ಮೇಲ್ಹಲಗೆ ತಗ್ಗುತ್ತದೆ, ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚುತ್ತದೆ. ಈ ಚುಚ್ಚು ಇದ್ದರೆ ರಾಡ್ ಮುಟ್ಟುವ ಮೊದಲು ಗಿಟಾರಿಗೆ ತೇವ ಕೊಡಿ: ತೂತಿರುವ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜ್ ಇಟ್ಟು ಕೇಸಿನೊಳಗೆ ಹಾಕಿ ಮುಚ್ಚಿದರೆ ಕೆಲವೇ ದಿನಗಳಲ್ಲಿ ಎಷ್ಟೋ ಸರಿಹೋಗುತ್ತದೆ. ಮಳೆಗಾಲಕ್ಕೆ ಸ್ಪಂಜಿನ ಬದಲು ಸಿಲಿಕಾ ಜೆಲ್ ಪೊಟ್ಟಣ.

ಕರಾವಳಿಯಿಂದ ಬಯಲುಸೀಮೆಗೆ ಗಿಟಾರ್ ಒಯ್ದವರು, ಹಾಗೆಯೇ ಇಲ್ಲಿಂದ ಷಿಕಾಗೊದಂಥ ಊರಿಗೆ ಹೋಗಿ ಚಳಿಗಾಲವೆಲ್ಲ ಹೀಟರ್ ಹಾಕಿದ ಒಣ ಕೋಣೆಯಲ್ಲಿ ಇಟ್ಟವರು, ಒಂದೆರಡು ವಾರ ಗಿಟಾರನ್ನು ಹೊಸ ಹವೆಗೆ ಬಿಟ್ಟು ನಂತರ ಅಳೆಯಬೇಕು. ಕೇಸಿನೊಳಗೆ ಹಾಕುವ ಸಣ್ಣ ಹೈಗ್ರೋಮೀಟರ್ ದುಬಾರಿಯಲ್ಲ. ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ. ಬಿಸಿಲಿಗೆ ನಿಂತ ಕಾರಿನ ಶಾಖಕ್ಕೆ ಬ್ರಿಡ್ಜಿನ ಅಂಟೇ ಮೆತ್ತಗಾಗುತ್ತದೆ.

ರಾಡಿಗೂ ಬಗ್ಗದಿದ್ದಾಗ

ಒಂದೇ ದಿಕ್ಕಿನ ರಾಡನ್ನು ಪೂರ್ತಿ ಸಡಿಲಿಸಿದರೂ ಬ್ಯಾಕ್ ಬೋ ಹೋಗದಿದ್ದರೆ ತಂತಿಯ ಅಳತೆ ಒಂದು ಮೆಟ್ಟಿಲು ಏರಿಸಿ ನೋಡಿ. 11 ಇದ್ದರೆ 12. ಹೆಚ್ಚುವರಿ ಎಳೆತವೇ ನೆಕ್ಕನ್ನು ಮುಂದಕ್ಕೆ ತರುತ್ತದೆ, ಒಂದು ವಾರ ಶ್ರುತಿಯಲ್ಲೇ ಬಿಟ್ಟು ಅಳೆಯಿರಿ. ಇದಕ್ಕೆ ವಿರುದ್ಧವಾಗಿ, ರಾಡ್ ಬಿಗಿಯ ಕೊನೆ ಮುಟ್ಟಿದರೂ ರಿಲೀಫ್ 0.4, 0.5ರಲ್ಲೇ ನಿಂತಿದ್ದರೆ ತೆಳು ಸೆಟ್ ಹಾಕಿ ಸ್ವಲ್ಪ ದಿನ ತಳ್ಳಬಹುದು. ಅದಕ್ಕೂ ಬಗ್ಗದ್ದನ್ನು ರಿಪೇರಿಯವರು ಶಾಖ ಕೊಟ್ಟು ಕ್ಲ್ಯಾಂಪ್ ಹಾಕಿ ನೇರ ಮಾಡುತ್ತಾರೆ, ಇಲ್ಲವೇ ಫ್ರೆಟ್ ಕಿತ್ತು ಫ್ರೆಟ್‌ಬೋರ್ಡನ್ನೇ ಮಟ್ಟ ಮಾಡುತ್ತಾರೆ. ಅಂಗಡಿಗೆ ಕೊಂಡೊಯ್ಯುವಾಗ ಬರೆದಿಟ್ಟ ಅಂಕಿಗಳ ಚೀಟಿ ಜೊತೆಗಿರಲಿ: 7ನೇ ಫ್ರೆಟ್‌ನ ಸಂದಿ, 12ನೇ ಫ್ರೆಟ್‌ನ ಎತ್ತರ, ಎಷ್ಟು ಸುತ್ತು ಯಾವ ಕಡೆಗೆ ತಿರುಗಿಸಿದಿರಿ, ಯಾವ ಸೆಟ್, ಯಾವ ಶ್ರುತಿ. ‘ಏನೋ ಸರಿಯಿಲ್ಲ, ನೋಡಿ’ ಎಂದು ಕೊಟ್ಟ ಗಿಟಾರಿಗಿಂತ ಈ ಚೀಟಿ ಕಟ್ಟಿಕೊಂಡು ಹೋದ ಗಿಟಾರ್ ಬೇಗ ಮನೆಗೆ ಬರುತ್ತದೆ, ಬಿಲ್ ಕೂಡ ಸಣ್ಣದಿರುತ್ತದೆ.